ತೇವ 18, ಕಡಿತ 4

ನವೆಂಬರ್ ಬಂತು ಅಂದ್ರೆ ದಾವಣಗೆರೆ ಸುತ್ತ ಯಾವ ರೋಡ್ ಹಿಡಿದು ಹೋದ್ರೂ ಅರ್ಧ ರಸ್ತೆ ಮೆಕ್ಕೆಜೋಳದ್ದೇ. ಆನಗೋಡು ಕಡೆ ಹೋಗ್ರಿ, ಮಾಯಕೊಂಡದ ಕಡೆ ಹೋಗ್ರಿ, ಜಗಳೂರು ರೋಡಿಗೆ ಹೋಗ್ರಿ, ಉದ್ದಕ್ಕೂ ಹಳದಿ ಕಾಳು ಹಾಸಿರ್ತಾರೆ, ಅಂಚಿಗೆ ಗಾಡಿ ಹತ್ತಬಾರ್ದು ಅಂತ ಕಲ್ಲು ಇಟ್ಟಿರ್ತಾರೆ, ಸಂಜೆ ಆಗ್ತಿದ್ದಂಗೆ ಇಬ್ಬನಿ ಬೀಳುತ್ತೆ ಅಂತ ಗುಡ್ಡೆ ಮಾಡಿ ತಾಡಪಾಲು ಮುಚ್ಚಿ ಪಕ್ಕದಲ್ಲೇ ಮಲಗ್ತಾರೆ. ಆ ಕಾಳು ಎಷ್ಟು ಒಣಗಿದೆ ಅನ್ನೋದರ ಮೇಲೆ ಆ ಮನೆಯ ವರ್ಷದ ಲೆಕ್ಕ ನಿಂತಿರುತ್ತೆ. ಆ ಲೆಕ್ಕದ ಚೀಟಿ ಬರೆಯೋದು ನನ್ನ ಕೆಲಸ.

ನಾನು ಇಲ್ಲಿನ ಒಂದು ಮೆಕ್ಕೆಜೋಳದ ಅಂಗಡಿಯಲ್ಲಿ ಅಕೌಂಟ್ಸ್ ನೋಡ್ತೀನಿ, 11 ವರ್ಷ ಆಯ್ತು. ಬಿ.ಕಾಂ ಮುಗಿಸಿ ಟ್ಯಾಲಿ ಕಲಿತು ಬಂದು ಕೂತೋಳು. ಕೋಡಿಂಗ್ ಅಂದ್ರೆ ಏನು ಅಂತ ಕೇಳಿದ್ರೆ ಇವತ್ತಿಗೂ ನಂಗೆ ಹೇಳೋಕೆ ಬರಲ್ಲ. ಆದ್ರೂ ಕಳೆದ ಒಂದು ವರ್ಷದಿಂದ ನಮ್ಮ ಅಂಗಡಿಯ ಆವಕದ ಲೆಕ್ಕ ನಡೀತಿರೋದು ನಾನು ಮಾಡಿದ ಆಪ್ ಮೇಲೆ, ಎಐ ಹತ್ರ ಕನ್ನಡದಲ್ಲೇ ಮಾತಾಡಿ ಮಾಡಿಸಿದ ಆಪ್ ಮೇಲೆ. ಇದನ್ನ ಬರೀಬೇಕು ಅಂತ ಬಹಳ ದಿನದಿಂದ ಇತ್ತು, ಯಾಕಂದ್ರೆ ಈ ವಿಷಯದ ವಿಡಿಯೋ ನೋಡಿದ್ರೆ ಎಲ್ಲರೂ ಹತ್ತು ನಿಮಿಷದಲ್ಲಿ ಆಪ್ ರೆಡಿ ಅಂತಾರೆ, ರೆಡಿ ಆಗೋದು ನಿಜ, ಆದ್ರೆ ಆ ಹತ್ತು ನಿಮಿಷ ಆದ್ಮೇಲೆ ಏನಾಗುತ್ತೆ ಅಂತ ಯಾರೂ ಹೇಳಲ್ಲ.

ಮೊದಲು ನಮ್ಮಲ್ಲಿ ಹೆಂಗಿತ್ತು ಹೇಳ್ತೀನಿ. ಮೂರು ಬುಕ್ಕು. ಒಂದು ಆವಕದ ಬುಕ್ಕು, ಗಾಡಿ ಬಂದಾಗ ನಂಬರ್, ತುಂಬಿದ ತೂಕ, ಖಾಲಿ ತೂಕ, ತೇವಾಂಶ, ಚೀಲ ಎಷ್ಟು, ಎಲ್ಲ ಅದರಲ್ಲಿ. ಇನ್ನೊಂದು ಹಮಾಲಿ ಬುಕ್ಕು. ಮೂರನೇದು ಖಾಲಿ ಚೀಲದ ಬುಕ್ಕು, ಅದೇ ದೊಡ್ಡ ತಲೆನೋವು. ಸೀಸನ್ ಶುರುವಾಗೋ ಮುಂಚೆ ರೈತರು ಬಂದು ನಮ್ಮ ಹತ್ರ ಖಾಲಿ ಗೋಣಿಚೀಲ ತಗೊಂಡು ಹೋಗ್ತಾರೆ, ಒಬ್ರು 50, ಒಬ್ರು 200, ತುಂಬ್ಕೊಂಡು ತರುವಾಗ ಅದು ವಾಪಸ್ ಬಂದಂಗೆ ಲೆಕ್ಕ. ಆದ್ರೆ ಅಣ್ಣ ತಗೊಂಡು ಹೋದ ಚೀಲದಲ್ಲಿ ತಮ್ಮ ಮಾಲು ತರ್ತಾನೆ, ನಮ್ಮ ಚೀಲ ಪಕ್ಕದ ಅಂಗಡಿಗೆ ಹೋಗುತ್ತೆ, ಅವರ ಚೀಲ ನಮಗೆ ಬರುತ್ತೆ, ಕೆಲವರು ಪ್ಲಾಸ್ಟಿಕ್ ಚೀಲದಲ್ಲಿ ತಂದು ನಿಮ್ಮ ಗೋಣಿಚೀಲ ಮುಂದಿನ ಲೋಡಿಗೆ ತರ್ತೀನಿ ಅಂತಾರೆ. ಯುಗಾದಿ ಹೊತ್ತಿಗೆ ಲೆಕ್ಕ ಹಾಕಿದ್ರೆ ಎಷ್ಟೋ ನೂರು ಚೀಲ ಎಲ್ಲಿ ಹೋದ್ವು ಅಂತ ಯಾರಿಗೂ ಗೊತ್ತಿರ್ತಿರ್ಲಿಲ್ಲ.

ಯಾರಿಗೂ ಅಂದ್ನಲ್ಲ, ಅದು ತಪ್ಪು. ನಮ್ಮ ಗುಮಾಸ್ತ ತಾತನಿಗೆ ಗೊತ್ತಿರ್ತಿತ್ತು. ಅವರು ನಮ್ಮ ಯಜಮಾನ್ರ ತಂದೆ ಕಾಲದಿಂದ ಕಿರ್ದಿ ಬರೆದೋರು, ಈಗ ಕಣ್ಣು ಮಂಜು, ಕೈ ನಡುಗುತ್ತೆ, ಆದ್ರೂ ಬೆಳಗ್ಗೆ ಹತ್ತಕ್ಕೆ ಬಂದು ಕೂರ್ತಾರೆ. ಇಂಥ ಊರಿನ ಇಂಥವರ ಮನೆಯಲ್ಲಿ 30 ಚೀಲ ಉಳಿದಿದೆ, ಮಗಳ ಮದುವೆಗೆ ಅಡಿಗೆ ಸೌದೆ ತುಂಬೋಕೆ ಬಳಸಿದ್ರು, ಕೇಳ್ಬೇಡ್ರಿ, ಅಂತ ಹೇಳೋರು. ಅದು ಯಾವ ಬುಕ್ಕಲ್ಲೂ ಇರ್ತಿರ್ಲಿಲ್ಲ.

ಒಂದು ಸಲ ಬೆಂಗಳೂರಿನ ಒಂದು ಕಂಪನಿಯವರನ್ನ ಕರೆಸಿ ಸಾಫ್ಟ್‌ವೇರ್ ತೋರಿಸೋಕೆ ಹೇಳಿದ್ರು ಯಜಮಾನ್ರು. ಬಂದ ಹುಡುಗ ಒಳ್ಳೇವ್ನೇ. ಆದ್ರೆ ಅದರಲ್ಲಿ ಎಲ್ಲ ಇಂಗ್ಲಿಷು, ಐಟಂ ಮಾಸ್ಟರ್, ಪಾರ್ಟಿ ಮಾಸ್ಟರ್ ಅಂತ ಇತ್ತು, ಖಾಲಿ ಚೀಲ ಕೊಟ್ಟಿದ್ದನ್ನ ಎಲ್ಲಿ ಬರೀಬೇಕು ಅಂತ ಕೇಳಿದ್ರೆ ಅದನ್ನ ಸೇಲ್ಸ್ ಅಂತ ತೋರಿಸ್ರಿ, ವಾಪಸ್ ಬಂದಾಗ ಸೇಲ್ಸ್ ರಿಟರ್ನ್ ಮಾಡ್ರಿ ಅಂದ. ನಾವು ಚೀಲ ಮಾರಲ್ವಲ್ಲ. ನಮಗೆ ಬೇಕಾದಂಗೆ ಬದಲಾಯಿಸೋಕೆ ಕೇಳಿದ ರೇಟು ಕೇಳಿ ಯಜಮಾನ್ರು ಚಹಾ ಕುಡಿಸಿ ಕಳಿಸಿದ್ರು. ನಂಗೆ ಅವತ್ತು ಬೇಜಾರಾಗಿದ್ದು ರೇಟಿಗಲ್ಲ. ನಮ್ಮ ಕೆಲಸ ಅವರ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ ಅಂದ್ರೆ ನಮ್ಮ ಕೆಲಸಾನೇ ಸರಿ ಇಲ್ಲ ಅನ್ನೋ ಥರ ಮಾತು ಬಂತಲ್ಲ, ಅದಕ್ಕೆ.

ನನ್ನ ಅಕ್ಕನ ಮಗ ಇಲ್ಲೇ ಇಂಜಿನಿಯರಿಂಗ್ ಓದ್ತಾನೆ. ಒಂದು ಭಾನುವಾರ ಮನೆಗೆ ಬಂದಾಗ, ಚಿಕ್ಕಮ್ಮ ನೀನು ವಾಟ್ಸಾಪಲ್ಲಿ ನನಗೆ ಬೈಯೋವಷ್ಟು ಉದ್ದ ಮೆಸೇಜ್ ಬರೀತೀಯಲ್ಲ, ಅಷ್ಟೇ ಉದ್ದ ಇದಕ್ಕೆ ಬರಿ ಸಾಕು ಅಂತ ಎಐ ತೆಗೆದು ಕೊಟ್ಟ. ಬರೆದೆ. ನಾನು ಬರೆದಿದ್ದು ಹೆಚ್ಚುಕಮ್ಮಿ ಹೀಗೆ: ನಮ್ಮದು ಮೆಕ್ಕೆಜೋಳದ ಅಂಗಡಿ, ರೈತರಿಗೆ ಖಾಲಿ ಚೀಲ ಕೊಡ್ತೀವಿ, ಯಾರಿಗೆ ಎಷ್ಟು ಕೊಟ್ವಿ ಯಾರು ಎಷ್ಟು ತಂದ್ರು ಬಾಕಿ ಎಷ್ಟು ಅಂತ ಮೊಬೈಲಲ್ಲಿ ಕಾಣ್ಬೇಕು, ಊರಿನ ಹೆಸರು ಒತ್ತಿದ್ರೆ ಆ ಊರಿನೋರೆಲ್ಲ ಬರ್ಬೇಕು, ಅಕ್ಷರ ದಪ್ಪ ಇರ್ಬೇಕು, ಎಲ್ಲ ಕನ್ನಡದಲ್ಲಿ. ಒಂದೆರಡು ನಿಮಿಷ ಅದು ಏನೇನೋ ಬರೀತಾ ಹೋಯ್ತು, ಆಮೇಲೆ ಪರದೆ ಮೇಲೆ ದಪ್ಪ ಅಕ್ಷರದಲ್ಲಿ ಖಾಲಿ ಚೀಲ, ಕೊಟ್ಟಿದ್ದು, ಬಂದಿದ್ದು, ಬಾಕಿ ಅಂತ ಬಂತು. ಬಾಕಿ ಅನ್ನೋ ಪದ ನಾನು ಬಳಸೋ ಪದ. ಅದನ್ನ ನೋಡಿ ಗಂಟಲು ಕಟ್ಟಿದಂಗಾಯ್ತು ನಂಗೆ. ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತಿದೀನಿ, ಅದರ ಭಾಷೆ ನಾನು ಕಲಿತಿದ್ದೆ, ನನ್ನ ಭಾಷೆ ಅದು ಕಲಿತಿದ್ದು ಅವತ್ತೇ ಮೊದಲು.

ಮಾರನೇ ದಿನ ಅಂಗಡಿಗೆ ಹೋಗಿ ಮಧ್ಯಾಹ್ನದವರೆಗೂ ಕೂತು 40 ಜನರ ಲೆಕ್ಕ ಹಾಕಿದೆ. ಊಟ ಮಾಡಿ ಬಂದು ತೆಗೆದ್ರೆ ಒಂದೂ ಇಲ್ಲ. ಪೇಜ್ ಮುಚ್ಚಿ ತೆಗೆದ ಕೂಡ್ಲೇ ಎಲ್ಲ ಹೋಗಿತ್ತು, ಯಾಕಂದ್ರೆ ಬರೆದಿದ್ದನ್ನ ಎಲ್ಲಾದ್ರೂ ಇಟ್ಕೋ ಅಂತ ನಾನು ಹೇಳಿರ್ಲಿಲ್ಲ. ಬುಕ್ಕಲ್ಲಿ ಬರೆದ್ರೆ ಬುಕ್ಕಲ್ಲಿ ಇರುತ್ತೆ ಅನ್ನೋದು ನಮಗೆ ಹೇಳಬೇಕಾದ ಮಾತೇ ಅಲ್ಲ. ಅದಕ್ಕೆ ಹೇಳ್ಬೇಕಿತ್ತು.

ಆಮೇಲೆ ಗೂಗಲ್ ಶೀಟ್ ಹಿಂದೆ ಇಟ್ಟು, ಅದಕ್ಕೆ ಆಪ್ಸ್ ಸ್ಕ್ರಿಪ್ಟ್ ಅನ್ನೋದನ್ನ, ಅಂದ್ರೆ ಶೀಟಿಗೆ ಕೋಡ್ ಸೇರಿಸೋ ಗೂಗಲ್‌ದೇ ಟೂಲನ್ನ, ಜೋಡಿಸಿ ಮಾಡೋ ದಾರಿ ಹೇಳಿಕೊಡ್ತು. ಕೋಡ್ ಅದೇ ಬರೆದು ಕೊಡುತ್ತೆ, ನಾನು ಕಾಪಿ ಮಾಡಿ ಹಾಕೋದು. ಇದರಲ್ಲಿ ಸಣ್ಣ ಸಣ್ಣ ತೊಂದ್ರೆ ಬಹಳ ಬಂದ್ವು. ಕೋಡ್ ಬದಲಾಯಿಸಿ ಸೇವ್ ಮಾಡಿದ್ರೆ ಸಾಲದು, ಹೊಸ ವರ್ಷನ್ ಅಂತ ಮತ್ತೆ ಡಿಪ್ಲಾಯ್ ಮಾಡ್ಬೇಕು, ಅಂದ್ರೆ ಬಳಕೆಗೆ ಬಿಡ್ಬೇಕು, ಇಲ್ಲಾಂದ್ರೆ ಹಂಚಿರೋ ಲಿಂಕಲ್ಲಿ ಹಳೇದೇ ಓಡ್ತಿರುತ್ತೆ, ಇದು ಗೊತ್ತಿಲ್ದೆ ಎರಡು ದಿನ ಸರಿ ಮಾಡಿದ್ದನ್ನೇ ಸರಿ ಮಾಡ್ತಾ ಕೂತಿದ್ದೆ. ನವೆಂಬರ್ 5ನೇ ತಾರೀಖಿನ ಲೋಡು ಮೇ 11ಕ್ಕೆ ಹೋಗಿ ಕೂತಿತ್ತು, ಯಾಕಂದ್ರೆ ಶೀಟಿನ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಅಂತ ಇತ್ತು, ಅಲ್ಲಿನೋರು ತಿಂಗಳು ಮೊದಲು ಬರೀತಾರೆ. 13ನೇ ತಾರೀಖಿಂದ ಮುಂದಿನವೆಲ್ಲ ನೋಡೋಕೆ ಸರಿ ಇರೋದು, 12ರ ಒಳಗಿನವು ಮಾತ್ರ ತಿರುಗಾಮುರುಗಾ, ಅದಕ್ಕೇ ಬೇಗ ಗೊತ್ತಾಗ್ಲಿಲ್ಲ. ಇನ್ನು ರೈತರ ಹೆಸರಿನ ಹಳೇ ಪಟ್ಟಿ ಇತ್ತಲ್ಲ, ಅದು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು, ಈಗ ಎಲ್ಲ ಕಡೆ ಕನ್ನಡ ಕಾಣೋ ಯೂನಿಕೋಡ್ ಅಲ್ಲ, ಶೀಟಿಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರ ಚಿಹ್ನೆ ಎಲ್ಲ ಸೇರಿ ಏನೋ ಒಂದು ಕಾಣೋದು. ಅದನ್ನ ಬದಲಾಯಿಸಿ ಕೊಡು ಅಂದ್ರೆ ಎಐ ಬಹುಪಾಲು ಸರಿಯಾಗೇ ಕೊಟ್ತು, ಅರ್ಕಾವೊತ್ತು ಬಂದ ಕಡೆ ಮಾತ್ರ ಎಡವ್ತು. ಅವನ್ನ ಒಂದೊಂದೇ ನಾನು ಕೈಯಾರೆ ತಿದ್ದಿದೆ.

ಹೆಸರಿಂದು ಇನ್ನೊಂದು. ಒಂದೇ ಊರಲ್ಲಿ ನಾಲ್ಕು ಜನ ಬಸವರಾಜಪ್ಪ ಇರ್ತಾರೆ. ಫೋನ್ ನಂಬರ್ ಮೇಲೆ ಗುರುತಿಡು ಅಂತು ಎಐ. ಆದ್ರೆ ನಮ್ಮ ರೈತರಲ್ಲಿ ಬಹಳ ಜನ ಮಗನ ನಂಬರ್ ಕೊಡ್ತಾರೆ, ಅಣ್ಣತಮ್ಮ ಇಬ್ರಿಗೂ ಅದೇ ಮಗನ ನಂಬರ್. ಕೊನೆಗೆ ತಾತ ಹೇಳಿದಂಗೆ ಮಾಡಿದ್ವಿ: ಊರು, ತಂದೆ ಹೆಸರು, ಆಮೇಲೆ ಊರಲ್ಲಿ ಏನಂತ ಕರೀತಾರೆ ಅದು. ಬಾವಿಮನೆ ಬಸವರಾಜಪ್ಪ, ಡ್ರೈವರ್ ಬಸವರಾಜಪ್ಪ. ಅದಕ್ಕೆ ಅಂತ ಒಂದು ಕಾಲಂ ಇದೆ ಈಗ, ಕರೆಯೋ ಹೆಸರು ಅಂತ. ಅದು ಬಂದ್ಮೇಲೆ ಚೀಲದ ಜಗಳ ಅರ್ಧ ನಿಂತೋಯ್ತು.

ಕೋಡಿಂಗ್ ಬರದೇ ಇರೋರೇ ತಮ್ಮ ಕೆಲಸಕ್ಕೆ ಪ್ರೋಗ್ರಾಂ ಮಾಡ್ಕೊಳ್ಳೋದು ಹೊಸ ಆಸೆ ಏನಲ್ಲ. 1959ರಲ್ಲಿ ಕೋಬಾಲ್ ಭಾಷೆ ರೂಪಿಸೋಕೆ ಶುರು ಮಾಡಿದಾಗಲೇ ಆಫೀಸಿನ ಲೆಕ್ಕ ನೋಡೋರಿಗೂ ಓದಿದ್ರೆ ಅರ್ಥ ಆಗ್ಬೇಕು ಅಂತ ಅದನ್ನ ಇಂಗ್ಲಿಷ್ ವಾಕ್ಯದ ಥರ ಮಾಡಿದ್ರು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್ಸ್ಟನ್ ಸೇರಿ ವಿಸಿಕ್ಯಾಲ್ಕ್ ಅಂತ ಸ್ಪ್ರೆಡ್‌ಶೀಟ್, ಅಂದ್ರೆ ಕಂಪ್ಯೂಟರಲ್ಲಿ ಮನೆಮನೆಯಾಗಿ ಲೆಕ್ಕ ಹಾಕೋ ಹಾಳೆ, ತಂದ್ರು, ನನ್ನ ಲೆಕ್ಕದಲ್ಲಿ ಅದೇ ದೊಡ್ಡ ತಿರುವು, ನಮ್ಮಂಥ ಲೆಕ್ಕ ಬರೆಯೋರು ಯಾರನ್ನೂ ಕೇಳದೆ ಒಂದು ಮನೆಯಲ್ಲಿ ಬದಲಾಯಿಸಿದ್ರೆ ಹತ್ತು ಮನೆಯಲ್ಲಿ ಬದಲಾಗೋ ಹಂಗೆ ಮಾಡ್ಕೊಳ್ಳೋಕೆ ಆಗಿದ್ದು ಅವಾಗಿಂದ. ಆಮೇಲೆ ಡ್ರ್ಯಾಗ್ ಮಾಡಿ ಡ್ರಾಪ್ ಮಾಡೋ ಟೂಲುಗಳು ಬಂದ್ವು, ಮೈಕ್ರೋಸಾಫ್ಟ್‌ದು ಪವರ್ ಆಪ್ಸ್, ಗೂಗಲ್ 2020ರಲ್ಲಿ ಕೊಂಡ್ಕೊಂಡ ಆಪ್‌ಶೀಟ್. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದ್ಮೇಲೆ ಡ್ರ್ಯಾಗ್ ಮಾಡೋದೂ ಬೇಡ, ಹೇಳಿದ್ರೆ ಸಾಕು ಅನ್ನೋ ಕಾಲ ಬಂತು. 2025ರ ಫೆಬ್ರವರಿಯಲ್ಲಿ ಆಂಡ್ರೇ ಕಾರ್ಪತಿ ಅನ್ನೋರು ಇದಕ್ಕೆ ವೈಬ್ ಕೋಡಿಂಗ್ ಅಂತ ಹೆಸರಿಟ್ರು, ಚಾಟ್‌ಜಿಪಿಟಿ ತಂದ ಓಪನ್‌ಎಐ ಕಂಪನಿ ಶುರು ಮಾಡಿದೋರಲ್ಲಿ ಅವರೂ ಒಬ್ರು. ಆ ವರ್ಷ ಕಾಲಿನ್ಸ್ ಡಿಕ್ಷನರಿಯವರು ಅದನ್ನೇ ವರ್ಷದ ಪದ ಅಂತ ಆರಿಸಿದ್ರು. ಕೋಡ್ ಅಂತ ಒಂದು ಇದೆ ಅನ್ನೋದನ್ನೇ ಮರೆತು ಮಾಡೋದು ಅಂತ ಕಾರ್ಪತಿ ಬರೆದಿದ್ದು ಎಲ್ಲ ಕಡೆ ಓಡಾಡ್ತು, ಆದ್ರೆ ಅದೇ ಬರಹದಲ್ಲಿ ಇನ್ನೊಂದು ಮಾತಿದೆ, ಶನಿವಾರ ಭಾನುವಾರ ಮಾಡಿ ಬಿಸಾಕೋ ಪ್ರಾಜೆಕ್ಟ್‌ಗಳಿಗೆ ಇದು ಪರವಾಗಿಲ್ಲ ಅಂತ. ಅದನ್ನ ಜನ ಬಿಟ್ಟು ಓದ್ತಾರೆ. ನಮ್ಮ ತೂಕದ ಚೀಟಿ ಬಿಸಾಕೋ ವಸ್ತು ಅಲ್ಲ. ಅದನ್ನ ರೈತ ಮಡಚಿ ಜೇಬಲ್ಲಿ ಇಟ್ಕೊಂಡು ಹೋಗ್ತಾನೆ, ಸಾಲ ಕೊಟ್ಟೋರಿಗೆ ತೋರಿಸ್ತಾನೆ.

ಈಗ ಆ ದಿನದ ವಿಷಯ.

ಚೀಲದ ಲೆಕ್ಕ ಚೆನ್ನಾಗಿ ನಡೀತಿದೆ ಅಂತ ಧೈರ್ಯ ಬಂದು ತೂಕದ ಚೀಟಿನೂ ಆಪಿಗೆ ತಂದೆ. ಗಾಡಿಯ ತುಂಬಿದ ತೂಕ, ಖಾಲಿ ತೂಕ ಹಾಕಿದ್ರೆ ನಿವ್ವಳ ಬರುತ್ತೆ, ಚೀಲದ ತೂಕ ಕಳೆಯುತ್ತೆ, ತೇವಾಂಶ ಹಾಕಿದ್ರೆ ಕಡಿತ ಬರುತ್ತೆ. ಮೆಕ್ಕೆಜೋಳಕ್ಕೆ 14 ಪರ್ಸೆಂಟ್ ತೇವ ಅಂದ್ರೆ ಒಣ ಮಾಲು, ಅದಕ್ಕಿಂತ ಜಾಸ್ತಿ ಇದ್ರೆ ಕಡಿತ. ನಾನು ಎಐಗೆ ಬರೆದಿದ್ದು ಒಂದೇ ಸಾಲು, ತೇವಾಂಶ 14ಕ್ಕಿಂತ ಜಾಸ್ತಿ ಇದ್ರೆ ಅದಕ್ಕೆ ತಕ್ಕಂಗೆ ತೂಕದಲ್ಲಿ ಕಡಿತ ಮಾಡು ಅಂತ. ಮಾಡ್ತು. ಮೂರು ಹಳೇ ಚೀಟಿ ಹಾಕಿ ನೋಡಿದೆ, ಮೂರೂ ತಾಳೆ ಆದ್ವು. ಆ ಮೂರೂ 14ರ ಒಳಗಿನ ಒಣ ಮಾಲು ಅನ್ನೋದು ನನ್ನ ತಲೆಗೆ ಬರ್ಲಿಲ್ಲ.

ಎರಡನೇ ದಿನ ಸಂಜೆ ಆನಗೋಡು ಕಡೆಯ ಒಬ್ಬ ರೈತ್ರು ಚೀಟಿ ಹಿಡ್ಕೊಂಡು ವಾಪಸ್ ಬಂದ್ರು. 60 ಕ್ವಿಂಟಲ್ ಮಾಲು, ತೇವ 18. ಅವರು ಜಗಳಕ್ಕೆ ಬಂದಿರ್ಲಿಲ್ಲ, ಮೆಲ್ಲಗೇ ಕೇಳಿದ್ರು. "ಅಕ್ಕಾರೆ, 18 ಅಂದ್ರೆ ನಾಲ್ಕು ಜಾಸ್ತಿ. ಕ್ವಿಂಟಲ್‌ಗೆ ನಾಲ್ಕು ಕೆ.ಜಿ. ಅರವತ್ತು ನಾಕ್ಲೆ 240. ಇಲ್ಲಿ 279 ಅಂತ ಐತಲ್ರಿ?" ಅಂತ. ಅವರು ಹೆಬ್ಬೆರಳಿಂದ ಬೆರಳಿನ ಗೆಣ್ಣು ಎಣಿಸ್ತಾ ಇದ್ರು. ನಾನು ಮೊಬೈಲ್ ನೋಡಿದೆ, 279. ಕ್ಯಾಲ್ಕ್ಯುಲೇಟರ್ ತಗೊಂಡೆ, 240.

ಎಐನ ಕೇಳಿದೆ, ಇದು ಹೆಂಗೆ ಬಂತು ಅಂತ. ಅದು ಬಿಡಿಸಿ ಹೇಳ್ತು: 18 ತೇವ ಇರೋ 100 ಕೆ.ಜಿ ಕಾಳಲ್ಲಿ ಒಣ ಪದಾರ್ಥ 82 ಕೆ.ಜಿ, ಅದೇ ಕಾಳು 14ಕ್ಕೆ ಒಣಗಿದಾಗ ಆ 82 ಅನ್ನೋದು ಒಟ್ಟು ತೂಕದ 86 ಪರ್ಸೆಂಟ್ ಆಗ್ಬೇಕು, ಹಂಗಾಗಿ 82ನ್ನ 86ರಿಂದ ಭಾಗಿಸಿದ್ರೆ 95.35 ಕೆ.ಜಿ ಉಳಿಯುತ್ತೆ, ಕಡಿತ 4.65. ಲೆಕ್ಕ ತಪ್ಪಿಲ್ಲ. ಕಾಳು ನಿಜವಾಗ್ಲೂ ಒಣಗಿದಾಗ ಅಷ್ಟೇ ತೂಕ ಇಳಿಯುತ್ತೆ. ಆದ್ರೆ ನಮ್ಮ ಅಂಗಡಿಯಲ್ಲಿ ಒಂದಕ್ಕೊಂದು, ಒಂದು ಪರ್ಸೆಂಟ್‌ಗೆ ಕ್ವಿಂಟಲ್‌ಗೆ ಒಂದು ಕೆ.ಜಿ, ತಾತ ಬಂದಾಗಿಂದ ಹಂಗೇ. ಬೆರಳಲ್ಲಿ ಎಣಿಸೋಕೆ ಬರೋ ಲೆಕ್ಕ ಅದು, ಅದಕ್ಕೇ ಹಂಗಿಟ್ಟಿದ್ದಾರೆ. ರೈತ ಕಣದಲ್ಲೇ ನಿಂತು ತನಗೆ ಎಷ್ಟು ಬರುತ್ತೆ ಅಂತ ಹೇಳ್ಬೋದು.

39 ಕೆ.ಜಿ ವ್ಯತ್ಯಾಸ. ಬೆಂಬಲ ಬೆಲೆ 2025-26ರಲ್ಲಿ ಕ್ವಿಂಟಲ್‌ಗೆ 2400 ರೂಪಾಯಿ ಅಂತ ಇದ್ರೂ ಮಾರ್ಕೆಟ್ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು, 1800 ಅಂತ ಹಿಡಿದ್ರೂ 702 ರೂಪಾಯಿ. ಆ ಎರಡು ದಿನದಲ್ಲಿ 23 ಚೀಟಿ ಹೋಗಿತ್ತು, ಅದರಲ್ಲಿ 17 ಹಸಿ ಮಾಲು. ಯಜಮಾನ್ರಿಗೆ ಹೇಳಿದೆ. ಹೇಳೋಕೆ ಮುಂಚೆ ಕೈ ತಣ್ಣಗಾಗಿತ್ತು, ಅವರು ಒಂದು ಮಾತೂ ಆಡ್ಲಿಲ್ಲ, ಎಲ್ಲರಿಗೂ ಫೋನ್ ಮಾಡಿ ದುಡ್ಡು ವಾಪಸ್ ಹಾಕು ಅಂದ್ರು. ಫೋನ್ ಮಾಡ್ತಾ ಹೋದೆ. ಅರ್ಧಕ್ಕರ್ಧ ಜನಕ್ಕೆ ತಮಗೆ ಕಮ್ಮಿ ಬಂದಿದೆ ಅನ್ನೋದೇ ಗೊತ್ತಿರ್ಲಿಲ್ಲ. ಅದು ನಂಗೆ ಇನ್ನೂ ಕೊರೀತಿದೆ. ಕೈಯಲ್ಲಿ ಬರೆದ ಚೀಟಿ ಆಗಿದ್ರೆ ನೋಡ್ತಿದ್ರೇನೋ, ಮೊಬೈಲಿಂದ ಬಂದ ಚೀಟಿ ಅಂದ್ಮೇಲೆ ಸರಿ ಇರುತ್ತೆ ಅಂತ ಮಡಚಿ ಇಟ್ಕೊಂಡಿದ್ರು.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಎಐ ಮೇಲೆ ಸಿಟ್ಟು ಮಾಡ್ಕೊಳ್ಳೋದು ಸುಲಭ, ಆದ್ರೆ ಅದಕ್ಕೆ ನಾನು ಹೇಳೇ ಇರ್ಲಿಲ್ಲವಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಹಂಗೆ ಅರ್ಧ ಹೇಳಿದ್ರೆ ಅವನು ಬಂದು ಕೇಳ್ತಾನೆ, ಅಕ್ಕ ಎಷ್ಟು ಹಿಡೀಲಿ ಅಂತ. ಇದು ಕೇಳಲ್ಲ, ಗೊತ್ತಿಲ್ಲದ ಕಡೆ ತನಗೆ ತೋಚಿದ್ದನ್ನ ತುಂಬುತ್ತೆ, ತುಂಬಿದ್ದು ಎಷ್ಟು ನೀಟಾಗಿರುತ್ತೆ ಅಂದ್ರೆ ಅಲ್ಲೊಂದು ಖಾಲಿ ಜಾಗ ಇತ್ತು ಅನ್ನೋದೇ ನಮಗೆ ಕಾಣಲ್ಲ. ಅವತ್ತಿಂದ ಒಂದು ಪದ್ಧತಿ ಮಾಡ್ಕೊಂಡಿದೀನಿ. ಏನೇ ಮಾಡ್ಸೋಕೆ ಮುಂಚೆ ಮೊದಲು ಬರೆಯೋದು, ಕೋಡ್ ಬರೀಬೇಡ, ನಾನು ಹೇಳಿದ್ದರಲ್ಲಿ ಎರಡು ಥರ ಅರ್ಥ ಆಗೋದು ಏನೇನಿದೆ ಕೇಳು ಅಂತ. ಹಂಗೆ ಕೇಳಿದ್ರೆ ಬಹಳ ಒಳ್ಳೆ ಪ್ರಶ್ನೆ ಕೇಳುತ್ತೆ. ಅರ್ಧ ಪರ್ಸೆಂಟ್ ಬಂದ್ರೆ ಮೇಲಕ್ಕೋ ಕೆಳಕ್ಕೋ, ಗೋಣಿಚೀಲ ಪ್ಲಾಸ್ಟಿಕ್ ಚೀಲ ಎರಡೂ ಬೆರೆತು ಬಂದ್ರೆ ತೂಕ ಹೆಂಗೆ ಕಳೆಯೋದು, ಒಂದೇ ಗಾಡಿಯಲ್ಲಿ ಇಬ್ಬರು ರೈತರ ಮಾಲು ಇದ್ರೆ ಹೆಂಗೆ. ಈ ಪ್ರಶ್ನೆಗಳಿಗೆ ಉತ್ತರ ನನ್ನ ಹತ್ರ ಇರ್ಲಿಲ್ಲ.

ಅದಕ್ಕೇ ತಾತನನ್ನೂ ಹಮಾಲ್ರ ಮೇಸ್ತ್ರಿನೂ ಕೂರಿಸ್ಕೊಂಡೆ. ಮಂಗಳವಾರ ಸಂಜೆ, ಲೋಡು ಕಮ್ಮಿ ಇತ್ತು, ಮಂಡಕ್ಕಿ ಮೆಣಸಿನಕಾಯಿ ತರಿಸಿ ಗೋಡೌನ್ ಬಾಗಿಲಲ್ಲೇ ಕೂತ್ವಿ. ಒಂದೊಂದೇ ಪ್ರಶ್ನೆ ಓದ್ತಾ ಹೋದೆ. ಗೋಣಿಚೀಲಕ್ಕಿಷ್ಟು ಪ್ಲಾಸ್ಟಿಕ್ಕಿಗಿಷ್ಟು ಅಂತ ಕಳೀತೀವಿ ಅಂತ ನಾನು ಅಂದ್ರೆ ಮೇಸ್ತ್ರಿ, ಮಳೆ ಬಂದ ದಿನ ಗೋಣಿಚೀಲ ನೀರು ಕುಡಿದಿರುತ್ತಲ್ರಿ, ಅವತ್ತು ಹತ್ತು ಚೀಲ ಖಾಲಿ ಮಾಡಿ ತೂಗಿಯೇ ಕಳಿಯೋದು ಅಂದ. ನಂಗೆ ಗೊತ್ತೇ ಇರ್ಲಿಲ್ಲ ಅದು. ತೇವ ನೋಡೋ ಮಷಿನ್ನಿಗೆ ಎಲ್ಲಿಂದ ಕಾಳು ತಗೋತೀರಿ ಅಂತ ಕೇಳಿದೆ. ಮೇಲಿನ ಚೀಲದ್ದು ಬಿಸಿಲಿಗೆ ಒಣಗಿರುತ್ತೆ, ತಳದ್ದು ಬೆವೆತಿರುತ್ತೆ, ಅದಕ್ಕೇ ಮೇಲೊಂದು ನಡುವೆ ಎರಡು ತಳದಲ್ಲೊಂದು, ನಾಲ್ಕೂ ಬೆರೆಸಿ ನೋಡ್ಬೇಕು ಅಂದ. ಹಂಗಾದ್ರೆ ಒಂದೇ ಸಲ ನೋಡಿ ಬರೆದ ಚೀಟಿ ಸರಿ ಅಲ್ಲ ಅಂತಾಯ್ತು. ಈಗ ಆಪಲ್ಲಿ ತೇವಕ್ಕೆ ನಾಲ್ಕು ಮನೆ ಇದೆ, ನಾಲ್ಕೂ ತುಂಬದೆ ಚೀಟಿ ಬರಲ್ಲ.

ತಾತ ಕಣ್ಣು ಮುಚ್ಚಿ ಕೂತು ಹೇಳ್ತಾ ಹೋದ್ರು, ನಾನು 200 ಪೇಜಿನ ನೋಟ್‌ಬುಕ್ಕಲ್ಲಿ ಬರೀತಾ ಹೋದೆ. ಕೆಲಸ ಗೊತ್ತಿರೋರಿಗೆ ಅದನ್ನ ಹೇಳೋಕೆ ಬರಲ್ಲ ಅಂತ ಓದಿದೋರು ಅಂತಾರಲ್ಲ, ನಾನು ನೋಡಿದ್ದು ಹಂಗಲ್ಲ. ಅವರನ್ನ ಯಾರೂ ಕೂತು ಕೇಳಿರ್ಲಿಲ್ಲ, ಅಷ್ಟೇ. ಆ ಬೆಂಗಳೂರಿನ ಹುಡುಗ ಕೇಳಿದ್ದು ಯಜಮಾನ್ರನ್ನ, ಯಜಮಾನ್ರು ಹೇಳಿದ್ದು ನನ್ನನ್ನ ಕೇಳು ಅಂತ, ನಾನು ಹೇಳಿದ್ದು ಬುಕ್ಕಲ್ಲಿ ಇದ್ದಿದ್ದನ್ನ. ಗೋಡೌನ್ ಬಾಗಿಲ ತನಕ ಆ ಪ್ರಶ್ನೆ ಬಂದೇ ಇರ್ಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳ್ಬೇಕು, ಇದನ್ನ ಮಾಡೋಕೆ ಹೊರಟೋರಿಗೆ ಬೇಕಾಗುತ್ತೆ. ಆಪ್ ಮಾಡಿ ಡಿಪ್ಲಾಯ್ ಮಾಡುವಾಗ ಯಾರು ನೋಡ್ಬೋದು ಅಂತ ಕೇಳುತ್ತೆ. ಗೋಡೌನಲ್ಲಿರೋ ಹುಡುಗರಿಗೆ ಲಾಗಿನ್ ಎಲ್ಲ ಕಷ್ಟ ಅಂತ ಯಾರು ಬೇಕಾದ್ರೂ ಅಂತ ಒತ್ತಿದೆ. ಲಿಂಕನ್ನ ಅಂಗಡಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಆ ಗ್ರೂಪಲ್ಲಿ ಲಾರಿ ಬ್ರೋಕರ್‌ಗಳೂ ಇದ್ರು, ಕೆಲಸ ಬಿಟ್ಟು ಹೋದೋರೂ ಇದ್ರು. ಆಪಲ್ಲಿ ರೈತರ ಫೋನ್ ನಂಬರ್ ಜೊತೆಗೆ ಬ್ಯಾಂಕ್ ಅಕೌಂಟ್ ನಂಬರೂ ಇತ್ತು, ದುಡ್ಡು ಹಾಕೋಕೆ ಅನುಕೂಲ ಅಂತ ನಾನೇ ಸೇರಿಸಿದ್ದೆ. ಎಂಟು ದಿನ ಹಂಗೇ ಇತ್ತು. ಅಕ್ಕನ ಮಗ ಒಂದಿನ ತನ್ನ ಮೊಬೈಲಲ್ಲಿ ಲಾಗಿನ್ ಇಲ್ದೆ ಅದನ್ನ ತೆಗೆದು, ಚಿಕ್ಕಮ್ಮ ಇದು ನನಗೆ ಯಾಕೆ ಕಾಣ್ತಿದೆ ಅಂತ ಕೇಳಿದಾಗ ಎದೆ ಧಸಕ್ ಅಂತು. ಆಗಬಾರದ್ದು ಏನೂ ಆಗ್ಲಿಲ್ಲ, ಅದು ದೇವರ ದಯೆ. ಅವತ್ತೇ ಮುಚ್ಚಿದೆ, ಅಕೌಂಟ್ ನಂಬರ್ ಪೂರ್ತಿ ತೆಗೆದೆ, ಅವು ಈಗ ಟ್ಯಾಲಿಯಲ್ಲಿ ಮಾತ್ರ, ಆ ಕಂಪ್ಯೂಟರ್ ಪಾಸ್‌ವರ್ಡ್ ಇಬ್ರಿಗೆ ಮಾತ್ರ. ಡಿಜಿಟಲ್ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಅಂತ 2023ರಲ್ಲಿ ಕಾಯ್ದೆನೇ ಆಗಿದೆ ನಮ್ಮ ದೇಶದಲ್ಲಿ, ಅದು ಅಷ್ಟಿರ್ಲಿ, ಕಾಯ್ದೆ ಇಲ್ದಿದ್ರೂ ಒಬ್ಬ ರೈತ ನಂಬಿ ಪಾಸ್‌ಬುಕ್ ಜೆರಾಕ್ಸ್ ಕೈಗೆ ಕೊಟ್ಟಿದ್ದಾನೆ ಅಂದ್ರೆ ಅದನ್ನ ಬೀದಿಗೆ ಇಡಬಾರ್ದು. ನಾನು ಇಟ್ಟಿದ್ದೆ, ಎಂಟು ದಿನ.

ಈಗ ನಡೆಯೋದು ಹೀಗೆ. ಚೀಟಿ ಆಪಿಂದ ಬರುತ್ತೆ, ಆದ್ರೆ ಆವಕದ ಬುಕ್ಕು ನಿಲ್ಸಿಲ್ಲ. ದಿನಾ ಸಂಜೆ ಐದು ಚೀಟಿ ತೆಗೆದು ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡ್ತೀನಿ, ಹಸಿ ಮಾಲಿಂದೇ ಆರಿಸ್ತೀನಿ. ಏನಾದ್ರೂ ಬದಲಾಯಿಸಿದ್ರೆ ಆ ನೋಟ್‌ಬುಕ್ಕಲ್ಲಿ ತಾರೀಖು ಹಾಕಿ ಬರೀತೀನಿ, ಯಾಕಂದ್ರೆ ನಾಳೆ ನಂಗೆ ಹುಷಾರಿಲ್ಲದೆ ಮಲಗಿದ್ರೆ ಇದನ್ನ ಯಾರೋ ಒಬ್ರು ನೋಡ್ಕೋಬೇಕಲ್ಲ, ಕೋಡ್ ಓದೋಕೆ ನಂಗೇ ಬರಲ್ಲ ಅಂದ್ಮೇಲೆ ಅವರಿಗೆ ಓದೋಕೆ ಅಂತ ಇರೋದು ಆ ನೋಟ್‌ಬುಕ್ಕೇ. ವಾರಕ್ಕೊಂದು ಸಲ ಶೀಟನ್ನ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಡ್ತೀನಿ. ಜಿಎಸ್‌ಟಿ, ಟ್ಯಾಕ್ಸ್ ಲೆಕ್ಕ ಇದಕ್ಕೆ ಕೊಟ್ಟಿಲ್ಲ, ಕೊಡೋದೂ ಇಲ್ಲ. ಚೀಟಿಯ ಮೇಲೆ ಈಗ ಕಡಿತ ಅಂತ ಬರೀ ಒಂದು ನಂಬರ್ ಬರಲ್ಲ. ತೇವ 18, ಜಾಸ್ತಿ 4, ಕ್ವಿಂಟಲ್‌ಗೆ 4 ಕೆ.ಜಿ, 60 ಕ್ವಿಂಟಲ್‌ಗೆ 240 ಅಂತ ಪೂರ್ತಿ ಸಾಲು ಕನ್ನಡದಲ್ಲಿ ಬರುತ್ತೆ. ಗೆಣ್ಣು ಎಣಿಸಿ ನೋಡೋಕೆ ಆಗೋ ಹಂಗಿರ್ಬೇಕು ಅಂತ ನಾನೇ ಹಠ ಮಾಡಿ ಹಾಕಿಸಿದ್ದು. ಆನಗೋಡಿನ ಆ ರೈತ್ರಿಗೇ ಮೊದಲ ಚೀಟಿ ತೋರಿಸಿದೆ, ಅವರು ಓದಿ, ಹಿಂಗಿದ್ರೆ ಸರಿ ನೋಡ್ರಿ ಅಂದ್ರು.

ಖಾಲಿ ಚೀಲದ ವಿಷಯದಲ್ಲಿ ಒಂದು ಕಾಲಂ ಇದೆ, ಅದರ ಹೆಸರು ತಾತ ಹೇಳಿದ್ದು. ಯಾರ ಬಾಕಿ ಕೇಳಬಾರ್ದು ಅಂತ ತಾತನಿಗೆ ಅನಿಸುತ್ತೋ ಅವರ ಹೆಸರಿನ ಮುಂದೆ ಒತ್ತಿದ್ರೆ ಬಾಕಿ ಪಟ್ಟಿಯಿಂದ ಆಚೆ ಹೋಗುತ್ತೆ, ಅಳಿಸಲ್ಲ, ಆಚೆ ಹೋಗುತ್ತೆ. ಮಾಫಿ ಅಂತ ಇಡ್ಲಾ ಅಂತ ಎಐ ಕೇಳ್ತು. ಬೇಡ, ಮಾಫಿ ಅಂದ್ರೆ ಅವರಿಗೆ ಅವಮಾನ, ಇರ್ಲಿ ಬಿಡು ಅಂತ ಹಾಕವ್ವ, ಅಂದ್ರು ತಾತ. ಹಂಗೇ ಇದೆ. ಇರ್ಲಿ ಬಿಡು. ಈಗ ಆ ಪಟ್ಟಿಯಲ್ಲಿ ಒಂಬತ್ತು ಮನೆ ಇದೆ.

ಹೋದ ತಿಂಗಳು ಯಜಮಾನ್ರು ಒಂದು ಹೊಸದು ಕೇಳಿದ್ರು. ಹಮಾಲ್ರಲ್ಲಿ ಯಾರು ದಿನಕ್ಕೆ ಎಷ್ಟು ಚೀಲ ಹೊರ್ತಾರೆ ಅಂತ ಒಬ್ಬೊಬ್ಬರದೂ ಬರೋ ಹಂಗೆ ಮಾಡು ಅಂತ. ಮಾಡೋದು ಕಷ್ಟ ಅಲ್ಲ, ಎಐಗೆ ಹೇಳಿದ್ರೆ ಹತ್ತು ನಿಮಿಷ. ಆದ್ರೆ ಈಗ ನಾನು ಕೇಳದೆ ಮಾಡಲ್ಲ. ಮೇಸ್ತ್ರಿ ಹತ್ರ ಹೋಗಿ ಹಿಂಗಿಂಗೆ ಅಂತ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಬೀಡಿ ಸೇದಿದ. ಆಮೇಲೆ, "ಅಕ್ಕಾರೆ, ನಮ್ಮಲ್ಲಿ ಚೀಲಕ್ಕಿಷ್ಟು ಅಂತ ದುಡ್ಡು ಗ್ಯಾಂಗಿಗೆ ಬರ್ತೈತಿ, ಸಂಜಿಗೆ ನಾವು ಕುಂತು ಹಂಚ್ಕೊತೀವಿ. ವಯಸ್ಸಾದೋರು ಕಮ್ಮಿ ಹೊರ್ತಾರ, ಹುಡುಗ್ರು ಜಾಸ್ತಿ ಹೊರ್ತಾರ, ಪಾಲು ಒಂದೇ. ನೀವು ಹಂಗ ಬರದ್ರ ನಾಳಿ ಹುಡುಗ್ರು ಮೊಬೈಲ್ ತೋರ್ಸಿ ನಂಗ ಜಾಸ್ತಿ ಕೊಡು ಅಂತಾರ" ಅಂದ. 11 ವರ್ಷದಿಂದ ಹಮಾಲಿ ದುಡ್ಡು ಎಣಿಸಿ ಕೊಡ್ತಿರೋಳು ನಾನು, ಪಾಲು ಹೆಂಗೆ ಮಾಡ್ತಾರೆ ಅಂತ ಒಂದು ದಿನ ಕೇಳಿರ್ಲಿಲ್ಲ.

ಯಜಮಾನ್ರಿಗೆ ಅದನ್ನೇ ಹೇಳಿದೆ. ಅವರು ಹೂಂ ಅಂದ್ರು, ಬೇಡ ಬಿಡು ಅಂದ್ರು. ಅದರ ಬದ್ಲು ಮೇಸ್ತ್ರಿನೇ ಒಂದು ಕೇಳಿದ, ಗ್ಯಾಂಗಿನ ದಿನದ ಒಟ್ಟು ಚೀಲ ನಮ್ಮ ಮೊಬೈಲಿಗೂ ಬರೋ ಹಂಗೆ ಮಾಡ್ರಿ, ನಮ್ಮ ಲೆಕ್ಕ ನಿಮ್ಮ ಲೆಕ್ಕ ಸಂಜೆಗೆ ಕೂಡ್ಬೇಕು ಅಂತ. ಮೊನ್ನೆ ಭಾನುವಾರ ಅದಕ್ಕೆ ಕೂತ್ವಿ. ಪಾಲು ಎಷ್ಟು ಜನಕ್ಕೆ ಅಂತ ಬರ್ಕೊಳ್ಳೋಕೆ ಕೇಳಿದೆ, ಹನ್ನೆರಡು ಅಂದ. ಗ್ಯಾಂಗಲ್ಲಿ ಹನ್ನೊಂದು ಜನ ತಾನೇ ಇರೋದು ಅಂದೆ. ಹೌದು, ಒಬ್ಬನಿಗೆ ಸೊಂಟ ಹೋಗಿ ಆರು ತಿಂಗಳಾಯ್ತು, ಮನೆಯಲ್ಲೇ ಇದ್ದಾನೆ, ಅವನ ಪಾಲು ನಡೀತಿದೆ ಅಂದ. ಎಷ್ಟು ದಿನ ಅಂತ ಕೇಳಿದೆ. ಅದೆಲ್ಲ ಎಣಿಸಿಲ್ರಿ ಅಂದ. ನೋಟ್‌ಬುಕ್ಕಲ್ಲಿ ಹನ್ನೆರಡು ಅಂತ ಬರೆದೆ, ಎಷ್ಟು ದಿನ ಅನ್ನೋದರ ಮುಂದೆ ಜಾಗ ಖಾಲಿ ಬಿಟ್ಟೆ, ಇದನ್ನ ನೀನು ತುಂಬಬೇಡ ಅಂತ ಎಐಗೆ ಮೊದಲನೇ ಸಾಲಲ್ಲೇ ಟೈಪ್ ಮಾಡಿದೆ.